ಹವ್ಯಾಸಿ ತಂಡದ ನಾಟಕ: ಎಂಟು ವಾರದ ಲೆಕ್ಕ

ಮೊದಲು ರಂಗಮಂದಿರದ ದಿನಾಂಕ ಗೊತ್ತುಮಾಡಿಕೊಳ್ಳಿ, ನಾಟಕವನ್ನು ಆಮೇಲೆ ಆರಿಸಿ. ಕೇಳಲು ತಲೆಕೆಳಗು ಅನ್ನಿಸಿದರೂ ಹವ್ಯಾಸಿ ತಂಡಕ್ಕೆ ಇದೇ ಸರಿಯಾದ ಸರದಿ. ರಂಗದ ಅಗಲ ಎಷ್ಟು, ಆಳ ಎಷ್ಟು, ರಂಗದ ಪಕ್ಕದ ಮರೆಯಾದ ಸೈಡ್‌ವಿಂಗ್‌ನಲ್ಲಿ ನಾಲ್ಕು ಜನ ನಿಲ್ಲಲು ಜಾಗ ಇದೆಯೇ, ತ್ರೀ ಫೇಸ್ ಕರೆಂಟ್ ಇದೆಯೇ, ಕೊನೆಯ ಸಾಲು ಎಷ್ಟು ದೂರ – ಇಷ್ಟು ಗೊತ್ತಿಲ್ಲದೆ ನಡೆಸಿದ ತಾಲೀಮಿನಲ್ಲಿ ಅರ್ಧ ವ್ಯರ್ಥ. ಟೇಪು ಹಿಡಿದು ಹೋಗಿ ಅಳೆದು ಬನ್ನಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಎದುರಿನಿಂದ ಮಾತ್ರ ನೋಡುವ ಚೌಕಟ್ಟಿನ ರಂಗಕ್ಕೆ ಕಟ್ಟಿದ ಚಲನೆಯನ್ನು (ಯಾರು ಎಲ್ಲಿ ನಿಲ್ಲಬೇಕು, ಯಾವಾಗ ನಡೆಯಬೇಕು ಎನ್ನುವುದನ್ನು), ಪ್ರೇಕ್ಷಕರು ಮೂರು ಕಡೆ ಕೂರುವ ರಂಗಶಂಕರಕ್ಕೆ ಹಾಗೇ ಒಯ್ದರೆ ಪಕ್ಕದ ಸಾಲಿನವರಿಗೆ ನಟರ ಬೆನ್ನೇ ಕಾಣುತ್ತದೆ.

ದಿನಾಂಕ ಸಿಕ್ಕ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿ. ಒಂದೂವರೆ ಗಂಟೆಯ ನಾಟಕ, ಎಂಟು ಹತ್ತು ನಟರು, ಕೆಲಸ ಮುಗಿಸಿ ಸಂಜೆ ಬರುವವರು ಎಂದಿಟ್ಟುಕೊಳ್ಳೋಣ. ವಾರಕ್ಕೆ ಐದು ದಿನ, ದಿನಕ್ಕೆ ಎರಡೂವರೆ ಗಂಟೆ, ಎಂಟು ವಾರ: ಒಟ್ಟು ನೂರು ಗಂಟೆ. ಮೊದಲ ವಾರ ಓದು. ಎರಡು, ಮೂರನೇ ವಾರ ಚಲನೆ. ನಾಲ್ಕನೇ ವಾರದ ಕೊನೆಗೆ ಕೈಯಲ್ಲಿ ಪುಸ್ತಕ ಇರಕೂಡದು. ಐದು, ಆರರಲ್ಲಿ ದೃಶ್ಯಗಳನ್ನು ಬಿಡಿಬಿಡಿಯಾಗಿ ತಿದ್ದುವುದು. ಏಳರಲ್ಲಿ ದಿನಕ್ಕೊಮ್ಮೆ ಪೂರ್ತಿ ನಾಟಕ. ಎಂಟರಲ್ಲಿ ಉಡುಪು, ಸಂಗೀತ, ಬೆಳಕು, ಗ್ರ್ಯಾಂಡ್ ರಿಹರ್ಸಲ್. ಸಾಮಾನ್ಯವಾಗಿ ಜಾರುವುದು ನಾಲ್ಕನೇ ವಾರದ ಗಡುವು. ಅದು ಜಾರಿದರೆ ಐದು, ಆರನೇ ವಾರಗಳು ಬಾಯಿಪಾಠಕ್ಕೇ ಹೋಗಿ, ಅಭಿನಯಕ್ಕೆ ಸಮಯವೇ ಇರುವುದಿಲ್ಲ.

ನಾಟಕ ಮತ್ತು ಹಕ್ಕು

ಹೊಸ ತಂಡಕ್ಕೆ ಕೈಲಾಸಂ ಒಳ್ಳೆಯ ಆರಂಭ. ಸಾಮಾಜಿಕ ನಾಟಕಗಳು ಬಹುಪಾಲು ಮನೆಯೊಳಗೇ ನಡೆಯುತ್ತವೆ, ಸೆಟ್ಟು ಒಂದೇ ಸಾಕು, ನಗು ಮಾತಿನಲ್ಲೇ ಇದೆ. ಹಕ್ಕಿನ ತೊಡಕೂ ಇಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅವರ ಕಾಲದಲ್ಲೇ ಪ್ರಕಟವಾದ ನಾಟಕಗಳು 2007ರಿಂದ ಎಲ್ಲರ ಸ್ವತ್ತು. ಶ್ರೀರಂಗರದು (ನಿಧನ 1984) 2044ರ ಕೊನೆವರೆಗೆ, ಗಿರೀಶ ಕಾರ್ನಾಡರದು (ನಿಧನ 2019) 2079ರ ಕೊನೆವರೆಗೆ ಹಕ್ಕುದಾರರ ಕೈಯಲ್ಲಿದೆ. ಶೇಕ್ಸ್‌ಪಿಯರ್, ಇಬ್ಸನ್ ಮಾಡುತ್ತೇವೆ ಎಂದಾಗ ಎಡವುವುದು ಇಲ್ಲೇ: ಮೂಲಕ್ಕೆ ಹಕ್ಕಿಲ್ಲ, ಆದರೆ ನೀವು ಆಡುವ ಕನ್ನಡ ಅನುವಾದ ಅನುವಾದಕರದು. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ ಕಾಯ್ದೆಯಲ್ಲಿ ವಿನಾಯಿತಿ ಉಂಟು. ಟಿಕೆಟ್ ಇಟ್ಟರೆ ಅನುಮತಿ ಬೇಕೇ ಬೇಕು. ವಿಡಿಯೊ ಮಾಡಿ ಯೂಟ್ಯೂಬಿಗೆ ಏರಿಸುವುದು ಬೇರೆಯೇ ಅನುಮತಿ. ಒಂದೇ ಪತ್ರದಲ್ಲಿ ಎರಡನ್ನೂ ಬಿಡಿಬಿಡಿಯಾಗಿ ಕೇಳಿ. ದೃಶ್ಯ ಕತ್ತರಿಸುವುದಿದ್ದರೆ ಅದನ್ನೂ ಅಲ್ಲೇ ಬರೆಯಿರಿ.

ನಾಟಕ ಎಷ್ಟು ಹೊತ್ತು ಆಗುತ್ತದೆ ಎಂದು ಪುಟ ಎಣಿಸಿ ಹೇಳಲಾಗದು. ಇಬ್ಬರು ಕೂತು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ, ಬಂದ ಹೊತ್ತಿಗೆ ಕಾಲುಭಾಗ ಸೇರಿಸಿ. ಹಾಡು ಕುಣಿತ ಇದ್ದರೆ ಅದರ ಲೆಕ್ಕ ಬೇರೆ.

ಓದಿನ ವಾರ

ಮೊದಲ ದಿನವೇ ಪಾತ್ರ ಹಂಚಬೇಡಿ. ಮೂರು ದಿನ ಪಾತ್ರಗಳನ್ನು ಅದಲುಬದಲು ಮಾಡಿ ಓದಿಸಿ. ಯಾರ ನಾಲಿಗೆಗೆ ಯಾವ ಮಾತು ಒಗ್ಗುತ್ತದೆ ಎನ್ನುವುದು ತಾನೇ ತಿಳಿಯುತ್ತದೆ. ಆಮೇಲೆ ದೃಶ್ಯಗಳನ್ನು ಎರಡು ಮೂರು ನಿಮಿಷದ ತುಣುಕುಗಳಾಗಿ ಪೆನ್ಸಿಲಿನಲ್ಲಿ ಗೆರೆ ಎಳೆದು ಒಡೆಯಿರಿ. ತುಣುಕು ಎಲ್ಲಿ ಮುಗಿಯುತ್ತದೆ? ಒಬ್ಬರು ಬಂದಾಗ, ಒಬ್ಬರು ಹೋದಾಗ, ಅಥವಾ ಯಾರಿಗೋ ಬೇಕಾದ್ದು ಸಿಕ್ಕಾಗ, ಕೈತಪ್ಪಿದಾಗ. ಪ್ರತಿ ತುಣುಕಿನ ಪಕ್ಕ ಒಂದೇ ವಾಕ್ಯ: ಯಾರು ಯಾರಿಂದ ಏನು ಪಡೆಯಲು ನೋಡುತ್ತಿದ್ದಾರೆ. ‘ಕೋಪ’, ‘ದುಃಖ’ ಎಂದು ಬರೆದರೆ ನಟರು ಮುಖ ಗಂಟುಹಾಕುತ್ತಾರೆ, ಅಷ್ಟೇ. ‘ಮಗನಿಂದ ತಪ್ಪು ಒಪ್ಪಿಸಬೇಕು’ ಎಂದು ಬರೆದರೆ ಆಡಲು ಕೆಲಸ ಸಿಗುತ್ತದೆ.

ಕೈಲಾಸಂ ಮಾತನ್ನು ಕಣ್ಣಿನಲ್ಲಿ ಓದುವುದು ಕಷ್ಟ. ಆಡುವ ಹಾಗೇ ಅಕ್ಷರ ಜೋಡಿಸಿದ್ದಾರೆ, ಸ್ವರಗಳು ನುಂಗಿಹೋಗಿವೆ, ನಡುವೆ ಇಂಗ್ಲಿಷು. ಅರ್ಥವಾಗದಿದ್ದರೆ ಎರಡು ಸಲ ವೇಗವಾಗಿ ಬಾಯಿಬಿಟ್ಟು ಹೇಳಿ, ಬಿಡಿಸಿಕೊಳ್ಳುತ್ತದೆ. ಹೊಸಬರು ಇದನ್ನು ಬಿಡಿಸಿ ಬಿಡಿಸಿ, ನಿಧಾನವಾಗಿ, ಪ್ರೇಕ್ಷಕರಿಗೆ ಅರ್ಥವಾಗಲಿ ಎಂದು ಆಡುತ್ತಾರೆ. ಅಲ್ಲಿಗೆ ನಗು ಸತ್ತಂತೆ. ಒಬ್ಬರ ಕೊನೆಯ ಪದದ ಮೇಲೆ ಇನ್ನೊಬ್ಬರ ಮೊದಲ ಪದ ಹತ್ತಬೇಕು. ನಿಲ್ಲುವುದು ನಗೆಯ ಮಾತಿನ ಮುಂಚೆ ಅರೆಕ್ಷಣ, ಆಮೇಲೆ ಪ್ರೇಕ್ಷಕರು ನಕ್ಕಾಗ. ನಗು ಏರುವಾಗ ಮಾತಾಡಬಾರದು, ಪೂರ್ತಿ ಅಡಗುವವರೆಗೂ ಕಾಯಬಾರದು. ಇಳಿಯಲು ಶುರುವಾದಾಗ ಮುಂದಿನ ಮಾತು ಎತ್ತಿಕೊಳ್ಳಿ.

ಮಾತು ಕೊನೆಯ ಸಾಲಿಗೆ

ಹವ್ಯಾಸಿ ನಾಟಕದ ದೊಡ್ಡ ರೋಗ ಮಾತು ಕೇಳಿಸದಿರುವುದು. ದನಿ ಸಣ್ಣದಾದ್ದರಿಂದ ಹೀಗಾಗುವುದು ಕಡಿಮೆ. ವಾಕ್ಯದ ಬಾಲ ನುಂಗುವುದರಿಂದ ಹೆಚ್ಚು. ಉಸಿರು ಮುಗಿಯುವ ಹೊತ್ತಿಗೆ ದನಿ ತಾನಾಗಿ ಇಳಿಯುತ್ತದೆ, ಕನ್ನಡದಲ್ಲಿ ಕ್ರಿಯಾಪದ ಇರುವುದೇ ಅಲ್ಲಿ. ‘ನಾನು ನಾಳೆ ನಿಮ್ಮನೆಗೆ’ ಎನ್ನುವವರೆಗೆ ಕೊನೆಯ ಸಾಲಿಗೂ ಕೇಳಿಸಿತು. ‘ಬರ್ತೀನಿ’ ಎಂದರೋ ‘ಬರಲ್ಲ’ ಎಂದರೋ ಗೊತ್ತಾಗಲಿಲ್ಲ. ಇಡೀ ದೃಶ್ಯ ಆ ಒಂದು ಪದದ ಮೇಲೆ ನಿಂತಿದ್ದರೆ ಪ್ರೇಕ್ಷಕರು ಮುಂದಿನ ಐದು ನಿಮಿಷ ಕತ್ತಲಲ್ಲಿ.

ಇದಕ್ಕೆ ಒಂದು ಅಭ್ಯಾಸ. ಇಬ್ಬರು ನಟರು ಮೂವತ್ತು ಅಡಿ ದೂರದಲ್ಲಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಲ್ಲಬೇಕು. ಒಬ್ಬರು ಮಾತು ಹೇಳಿದಾಗ ಇನ್ನೊಬ್ಬರು ಅದರ ಕೊನೆಯ ಪದವನ್ನು ಮರಳಿ ಹೇಳಿ ಆಮೇಲೆ ತಮ್ಮ ಮಾತು ಹೇಳಬೇಕು. ಪದ ತಪ್ಪಿದರೆ ಮತ್ತೆ ಮೊದಲಿಂದ. ಕಿರುಚದೆ ಇದನ್ನು ಸಾಧಿಸುವುದು ಷರತ್ತು. ದಿನಕ್ಕೆ ಹತ್ತು ನಿಮಿಷದಂತೆ ಎರಡು ವಾರ ಮಾಡಿದರೆ ಫಲ ಕೇಳಿಸುತ್ತದೆ. ಉದ್ದ ವಾಕ್ಯದಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಪುಸ್ತಕದಲ್ಲೇ ಗುರುತು ಹಾಕಿ. ಕ್ರಿಯಾಪದಕ್ಕೆ ಸ್ವಲ್ಪ ಮುಂಚೆ ಒಂದು ಚಿಕ್ಕ ಉಸಿರು ಇಟ್ಟುಕೊಂಡರೆ ಬಾಲ ಉಳಿಯುತ್ತದೆ.

ಉಚ್ಚಾರದಲ್ಲಿ ಗಮನಿಸಬೇಕಾದ್ದು: ಲ–ಳ, ನ–ಣ, ಸ–ಶ, ಅ–ಹ, ಮಹಾಪ್ರಾಣ. ಪೌರಾಣಿಕ, ಐತಿಹಾಸಿಕ ನಾಟಕದಲ್ಲಿ ಇವು ತಪ್ಪಿದರೆ ರಾಜನ ಗಾಂಭೀರ್ಯವೇ ಹೋಗುತ್ತದೆ. ಸಾಮಾಜಿಕ ನಾಟಕದಲ್ಲಿ ಮಾತ್ರ ಪಾತ್ರ ಹೇಗೆ ಮಾತಾಡುತ್ತದೋ ಹಾಗೆ. ಧಾರವಾಡದ ಪಾತ್ರಕ್ಕೆ ಮೈಸೂರಿನ ನಟ ನಾಲ್ಕು ‘ರೀ’ ಸೇರಿಸಿ ಕೈತೊಳೆದುಕೊಳ್ಳುವುದು ಕೇಳಲಾಗದು. ಆ ಕಡೆಯವರೊಬ್ಬರಿಂದ ಎಲ್ಲ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿಕೊಂಡು ಕಿವಿಯಿಂದ ಕಲಿಯುವುದು ಒಂದೇ ದಾರಿ.

ಪ್ರಾಂಪ್ಟರ್ ಬೇಡ. ದಿನಕ್ಕೊಂದು ನಾಟಕ ಬದಲಿಸುತ್ತಿದ್ದ ಕಂಪನಿಗಳಿಗೆ ಅದು ಅನಿವಾರ್ಯವಾಗಿತ್ತು. ನೂರು ಗಂಟೆ ತಾಲೀಮು ಮಾಡಿದ ತಂಡದಲ್ಲಿ ವಿಂಗಿನಿಂದ ಪಿಸುಗುಟ್ಟುವವರು ಇದ್ದರೆ ನಟರು ಅವರನ್ನೇ ನೆಚ್ಚುತ್ತಾರೆ. ಬದಲಿಗೆ ಆರನೇ ವಾರದಲ್ಲಿ ಬೇಕೆಂದೇ ಒಬ್ಬರಿಗೆ ಮಾತು ತಪ್ಪಿಸಲು ಹೇಳಿ. ಎದುರಿನವರು ಪಾತ್ರದೊಳಗೇ ಇದ್ದು ಒಂದು ಪ್ರಶ್ನೆ ಕೇಳಿ ದಾರಿಗೆ ತರುವುದನ್ನು ಕಲಿಯಲಿ.

ಚಲನೆ

ತಾಲೀಮಿನ ಜಾಗದ ನೆಲದ ಮೇಲೆ ಅಂಟುಟೇಪಿನಿಂದ ರಂಗವನ್ನು ಪೂರ್ತಿ ಅಳತೆಯಲ್ಲಿ ಗುರುತಿಸಿ: ಅಂಚು, ಬಾಗಿಲು, ಮೆಟ್ಟಿಲು, ವಿಂಗು. ಸೋಫಾ ಬದಲು ಮೂರು ಪ್ಲಾಸ್ಟಿಕ್ ಕುರ್ಚಿ ಸಾಕು, ಆದರೆ ಅಗಲ ಅಷ್ಟೇ ಇರಬೇಕು. ಜಾಗ ಸಣ್ಣದಾದರೆ ಅಗಲವನ್ನು ಉಳಿಸಿಕೊಂಡು ಆಳವನ್ನು ಕಡಿಮೆ ಮಾಡಿ; ಅಗಲ ಬದಲಾದರೆ ನಡಿಗೆಯ ಹೊತ್ತು ಬದಲಾಗಿ ಮಾತು ನಡಿಗೆ ಎರಡೂ ತಪ್ಪುತ್ತವೆ.

ಸೋಫಾವನ್ನು ನಡುಮಧ್ಯೆ ಪ್ರೇಕ್ಷಕರಿಗೆ ನೇರವಾಗಿ ಇಟ್ಟರೆ ಕೂತವರೆಲ್ಲ ಗುಂಪು ಫೋಟೊಗೆ ಕೂತಂತೆ ಕಾಣುತ್ತಾರೆ. ಒಂದು ಬದಿಗೆ ಸರಿಸಿ ಓರೆಯಾಗಿ ಇಡಿ, ಹಿಂದೆ ಒಬ್ಬರು ನಡೆಯುವಷ್ಟು, ಅಂದರೆ ಎರಡೂವರೆ ಅಡಿಯಾದರೂ ಜಾಗ ಬಿಡಿ. ಬಾಗಿಲು ಪಕ್ಕದ ಗೋಡೆಯಲ್ಲಿದ್ದರೆ ಕೀಲು ರಂಗದ ಹಿಂಬದಿಯ ಕಡೆಗಿರಲಿ, ಕದ ಹೊರಕ್ಕೆ ತೆರೆಯಲಿ. ಆಗ ಬರುವವರ ಮುಖ ಕಾಣುತ್ತದೆ, ನೇಪಥ್ಯದಲ್ಲಿ ಟೀ ಕುಡಿಯುತ್ತಿರುವವರು ಕಾಣುವುದಿಲ್ಲ. ಕದ ಬಡಿದಾಗ ಗೋಡೆಯೇ ನಡುಗಿದರೆ ಚೌಕಟ್ಟಿಗೆ ಬೇರೆಯೇ ಊರುಗೋಲು ಕೊಡಿ.

ನಟರು ಕಾರಣವಿಲ್ಲದೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ತೂಗಾಡುತ್ತಾರೆ. ಇದಕ್ಕೆ ಮದ್ದು: ಒಂದು ದಿನದ ತಾಲೀಮಿನಲ್ಲಿ ಯಾರೂ ಚಲಿಸಬಾರದು ಎಂದು ಕಟ್ಟುಮಾಡಿ, ಚಲಿಸಲೇಬೇಕು ಅನ್ನಿಸಿದ ಜಾಗದಲ್ಲಿ ಮಾತ್ರ ಕೈ ಎತ್ತಲಿ. ಕೈ ಎತ್ತಿದ ಜಾಗಗಳೇ ನಿಮ್ಮ ನಿಜವಾದ ಚಲನೆಗಳು. ಸ್ವಂತ ಮಾತಿನ ಮೇಲೆ ನಡೆದರೆ ಗಮನ ನಡೆದವರ ಮೇಲೆ. ಇನ್ನೊಬ್ಬರ ಮಾತಿನ ನಡುವೆ ನಡೆದರೆ ಅವರಿಂದ ಗಮನ ಕಿತ್ತುಕೊಂಡಂತೆ. ಎರಡನೆಯದು ಬೇಕಿದ್ದಾಗ ಮಾತ್ರ ಮಾಡಿ.

ಮಾತಿಲ್ಲದ ನಟರದು ಬೇರೆಯೇ ಪಾಠ. ಬೇರೆ ತಂಡಗಳ ನಾಟಕ ನೋಡಲು ಹೋದಾಗ ಒಮ್ಮೆ ಕಥೆಗಾಗಿ ನೋಡಿ, ಇನ್ನೊಮ್ಮೆ ಮಾತಾಡದೆ ನಿಂತವರನ್ನೇ ನೋಡಿ. ಒಳ್ಳೆಯ ತಂಡದಲ್ಲಿ ಅವರು ಕೇಳುತ್ತಿರುತ್ತಾರೆ. ಕೆಟ್ಟ ತಂಡದಲ್ಲಿ ತಮ್ಮ ಸರದಿಗೆ ಕಾಯುತ್ತಿರುತ್ತಾರೆ. 1985ರಿಂದ ಊರೂರು ಸುತ್ತುತ್ತಿರುವ ನೀನಾಸಮ್ ತಿರುಗಾಟದ ಒಂದೇ ನಾಟಕವನ್ನು ಎರಡು ಊರಿನ ಎರಡು ಬಗೆಯ ರಂಗದಲ್ಲಿ ನೋಡಲು ಸಾಧ್ಯವಾದರೆ ಬಿಡಬೇಡಿ. ಜಾಗ ಬದಲಾದಾಗ ಏನನ್ನು ಬದಲಿಸಿದರು, ಏನನ್ನು ಮುಟ್ಟಲಿಲ್ಲ ಎನ್ನುವುದು ನಿರ್ದೇಶಕರಿಗೆ ದೊಡ್ಡ ಪಾಠ.

ಸೆಟ್ಟು, ಉಡುಪು

ಎಂಟು ಅಡಿ ಎತ್ತರ, ನಾಲ್ಕು ಅಡಿ ಅಗಲದ ಮರದ ರೀಪಿನ ಚೌಕಟ್ಟಿಗೆ ಕೋರಾ ಬಟ್ಟೆ ಮೊಳೆ ಹೊಡೆದರೆ ಒಂದು ಫ್ಲ್ಯಾಟ್, ಅಂದರೆ ಸೆಟ್ಟಿನ ಗೋಡೆಯ ತುಂಡು. ಬಟ್ಟೆಯನ್ನು ತೀರಾ ಬಿಗಿಯಾಗಿ ಎಳೆಯಬೇಡಿ. ತೆಳು ಮೈದಾ ಅಂಟು ಬಳಿದಾಗ ಅದು ಒಣಗುತ್ತ ತಾನೇ ಬಿಗಿಯುತ್ತದೆ, ಮೊದಲೇ ಬಿಗಿದಿದ್ದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳು ಬೀಳದು. ಅದು ವಿಷ, ಅಡುಗೆ ಪಾತ್ರೆಯಲ್ಲಿ ಕಲಸಬೇಡಿ. ಹಿಂದೆ ಓರೆ ಊರುಗೋಲು ಕೊಟ್ಟು, ಬುಡಕ್ಕೆ ಮರಳಿನ ಚೀಲ ಇಡಿ. ಮರದ ವೇದಿಕೆಗಳ ಮೇಲೆ ಜಮಖಾನೆ ಬಿಗಿದು ಹೊಡೆಯದಿದ್ದರೆ ಹೆಜ್ಜೆ ಸದ್ದಿನಲ್ಲಿ ಮಾತು ಮುಳುಗುತ್ತದೆ.

ಉಡುಪಿನ ಅಭ್ಯಾಸ ನಾಲ್ಕನೇ ವಾರದಿಂದಲೇ. ಕೈಲಾಸಂ ಕಾಲದ ಪಂಚೆ, ಕೋಟು, ಪೇಟ ತೊಟ್ಟು ಕೂರುವುದು, ಏಳುವುದು, ಮೆಟ್ಟಿಲು ಹತ್ತುವುದು ಪ್ಯಾಂಟಿನವರಿಗೆ ಸುಲಭವಲ್ಲ. ಸೀರೆಯಲ್ಲಿ ಓಡುವುದೂ ಹಾಗೆಯೇ. ತಾಲೀಮಿಗೆ ಹಳೆಯ ಪಂಚೆ, ಹಳೆಯ ಸೀರೆ ತಂದುಕೊಳ್ಳಲಿ. ಗಡ್ಡ ಮೀಸೆ ಅಂಟಿಸುವ ಗಮ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಒಂದು ದಿನ ಮುಂಚೆ ಮೊಣಕೈ ಒಳಬದಿಗೆ ಹಚ್ಚಿ ನೋಡಿ.

ಮುಖವಾಡದ ನಾಟಕವಾದರೆ

ಕಾರ್ನಾಡರ ‘ಹಯವದನ’ವನ್ನು (1971) ಎತ್ತಿಕೊಳ್ಳುವ ತಂಡಗಳು ಹಾಡು, ಭಾಗವತ, ಕುಣಿತಕ್ಕೆ ಒತ್ತು ಕೊಟ್ಟು ಮುಖವಾಡವನ್ನು ಕೊನೆಗೆ ತರುತ್ತವೆ. ಮುಖವಾಡ ಮೂರನೇ ವಾರಕ್ಕೇ ಬರಬೇಕು. ಮಣ್ಣಿನ ಅಚ್ಚಿನ ಮೇಲೆ ಐದಾರು ಪದರ ಪತ್ರಿಕೆ ಕಾಗದ, ಮೈದಾ ಅಂಟು, ಪದರ ಪದರವೂ ಒಣಗಬೇಕು. ಅವಸರಕ್ಕೆ ಹಸಿಯ ಮೇಲೆ ಹಸಿ ಹಚ್ಚಿದರೆ ಒಳಗೆ ಬೂಸ್ಟು. ಮಾತಾಡುವ ಪಾತ್ರಕ್ಕೆ ಮೇಲ್ದುಟಿಯವರೆಗಿನ ಅರ್ಧ ಮುಖವಾಡ ಒಳ್ಳೆಯದು, ಗದ್ದ ಬಿಡುವಾಗಿ ದನಿ ಹೊರಬರುತ್ತದೆ. ಹಣೆ ಮತ್ತು ಕೆನ್ನೆಮೂಳೆ ತಾಗುವಲ್ಲಿ ಸ್ಪಂಜಿನ ಚೂರು ಅಂಟಿಸಿ, ಗಾಳಿಯಾಡುತ್ತದೆ, ಬೆವರು ಕಣ್ಣಿಗೆ ಇಳಿಯುವುದಿಲ್ಲ. ಮುಖವಾಡ ನೋಡುವುದು ಮೂಗಿನ ದಿಕ್ಕಿಗೆ. ಒಳಗೆ ಕಣ್ಣು ಹೊರಳಿಸಿದರೆ ಹೊರಗೆ ಏನೂ ಆಗದು. ಇಡೀ ತಲೆ ತಿರುಗಬೇಕು, ತಿರುಗಿ ನಿಲ್ಲಬೇಕು.

ನಾಟಕದಲ್ಲಿ ದೇವದತ್ತ, ಕಪಿಲ ಎಂಬ ಗೆಳೆಯರ ತಲೆಗಳು ಅದಲುಬದಲಾಗುತ್ತವೆ. ಇದನ್ನು ಮುಖವಾಡ ಬದಲಿಸಿ ತೋರಿಸುವ ಪ್ರಯೋಗದಲ್ಲಿ, ದೇವದತ್ತ–ಕಪಿಲ ಆಡುವ ಇಬ್ಬರೂ ಎರಡೂ ಪಾತ್ರಗಳನ್ನು ಕಲಿತಿರಬೇಕು. ಮೈ ತಮ್ಮದೇ, ದನಿ ಮತ್ತು ತಲೆಯ ನಿಲುವು ಇನ್ನೊಬ್ಬರದು. ಎರಡನೇ ವಾರದಲ್ಲಿ ದಿನ ಬಿಟ್ಟು ದಿನ ಪಾತ್ರ ಬದಲಿಸಿ ಆಡಿಸಿದರೆ ಇದು ಸಾಧ್ಯ; ಆರನೇ ವಾರದಲ್ಲಿ ಶುರುಮಾಡಿದರೆ ಬರೀ ಅನುಕರಣೆಯಾಗುತ್ತದೆ. ಯಕ್ಷಗಾನದಿಂದ ಬಂದ ಅರ್ಧ ತೆರೆಯನ್ನು ಹಿಡಿಯುವ ಇಬ್ಬರನ್ನು ಸಹಾಯಕರೆಂದು ಕೊನೆಗೆ ಸೇರಿಸಿಕೊಳ್ಳಬೇಡಿ. ಅವರ ಕೈ ನಡುಗಿದರೆ, ಒಬ್ಬರು ನಾಲ್ಕು ಬೆರಳು ಕೆಳಗಿಳಿಸಿದರೆ ಹಿಂದಿನ ಮಾಯೆಯೆಲ್ಲ ಬಯಲು. ಅವರಿಗೂ ಪೂರ್ತಿ ತಾಲೀಮು ಬೇಕು.

ಬೆಳಕು

ಲೆಕ್ಕ ಮೊದಲು. 230 ವೋಲ್ಟಿನಲ್ಲಿ 1000 ವಾಟಿನ ಒಂದು ಹ್ಯಾಲೊಜೆನ್ ದೀಪ ಸುಮಾರು 4.3 ಆಂಪ್ ಎಳೆಯುತ್ತದೆ. 16 ಆಂಪಿನ ಒಂದು ಪ್ಲಗ್ಗಿಗೆ ಮೂರು ದೀಪ, ನಾಲ್ಕನೆಯದಕ್ಕೆ ಮಿತಿ ದಾಟುತ್ತದೆ. ಹನ್ನೆರಡು ದೀಪಕ್ಕೆ 52 ಆಂಪ್; ಅದನ್ನು ಮೂರು ಫೇಸಿಗೆ ಹಂಚಬೇಕು, ಶಾಲೆ, ಸಮುದಾಯ ಭವನವಾದರೆ ಬಹುಶಃ ಜನರೇಟರ್ ಬೇಕು. ಈ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಬಿಸಿ ದೀಪಕ್ಕೂ ಪರದೆಗೂ ಮೂರು ಅಡಿಯಾದರೂ ಅಂತರವಿರಲಿ.

ದೀಪ ಆರೇ ಇದ್ದರೆ ರಂಗದ ಮುಂಭಾಗವನ್ನು ಎಡ, ನಡು, ಬಲ ಎಂದು ಮೂರು ಭಾಗ ಮಾಡಿ. ಒಂದೊಂದಕ್ಕೆ ಎರಡು ದೀಪ, ಒಂದು ಎಡದಿಂದ, ಒಂದು ಬಲದಿಂದ, ಸುಮಾರು 45 ಡಿಗ್ರಿ ಮೇಲಿನಿಂದ. ನೇರ ಎದುರಿನಿಂದ ಬಿಟ್ಟರೆ ಮುಖ ಚಪ್ಪಟೆ, ತೀರಾ ಮೇಲಿನಿಂದ ಬಿಟ್ಟರೆ ಕಣ್ಣಿನ ಜಾಗದಲ್ಲಿ ಗುಳಿ. ಹ್ಯಾಲೊಜೆನ್ ಜೊತೆ ಅಗ್ಗದ ಎಲ್‌ಇಡಿ ಪಾರ್ ದೀಪ ಬೆರೆಸಿದರೆ ಒಂದೇ ಮುಖ ಎರಡು ಬಣ್ಣವಾಗುತ್ತದೆ. ಎಲ್‌ಇಡಿಯನ್ನು ಹಿನ್ನೆಲೆಗೆ, ಹಿಂಪರದೆಯ ಆಕಾಶಕ್ಕೆ ಇಟ್ಟುಕೊಳ್ಳಿ. ಬ್ಲ್ಯಾಕ್‌ಔಟ್ ಚಟ ಬಿಡಿ. ಒಂದೊಂದಕ್ಕೆ ಇಪ್ಪತ್ತು ಸೆಕೆಂಡ್ ಎಂದರೂ ಹತ್ತಕ್ಕೆ ಮೂರು ನಿಮಿಷ ದಾಟುತ್ತದೆ, ಅಷ್ಟು ಹೊತ್ತು ಪ್ರೇಕ್ಷಕರು ಕುರ್ಚಿ ಎಳೆಯುವ ಸದ್ದು ಕೇಳುತ್ತ ಕೂರುತ್ತಾರೆ. ಬೆಳಕು ಅರ್ಧಕ್ಕಿಳಿಸಿ ನಟರೇ ಸಾಮಾನು ಸರಿಸಿದರೆ ಏನೂ ಕೆಡುವುದಿಲ್ಲ.

ಕ್ಯೂ ಎಂದರೆ ಬೆಳಕು ಬದಲಿಸುವ ಗುರುತು. ಕ್ಯೂ ಪಟ್ಟಿಯಲ್ಲಿ ನಾಲ್ಕು ಕಾಲಮು: ಸಂಖ್ಯೆ, ಯಾವ ಮಾತಿನ ಮೇಲೆ, ಯಾವ ದೀಪ ಎಷ್ಟಕ್ಕೆ, ಎಷ್ಟು ಸೆಕೆಂಡಿನಲ್ಲಿ. ಮೊದಲ ನಾಟಕಕ್ಕೆ ಇಪ್ಪತ್ತು ಕ್ಯೂ ಧಾರಾಳ.

ಮುನ್ನೂರು ಕುರ್ಚಿಯೊಳಗಿನ ಮಂದಿರಕ್ಕೆ ಮೈಕು ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ತೂಗುಮೈಕು ಫ್ಯಾನಿನ ಸದ್ದನ್ನು, ಕಾಲರ್ ಮೈಕು ಸೆರಗು, ಸರದ ಸದ್ದನ್ನು ಮಾತಿಗಿಂತ ಚೆನ್ನಾಗಿ ಹಿಡಿಯುತ್ತವೆ.

ಪ್ರದರ್ಶನದ ದಿನ

ಮಂದಿರ ಸಿಗುವುದು ಅದೊಂದೇ ದಿನ ಎಂದರೆ: ಬೆಳಿಗ್ಗೆ ಎಂಟಕ್ಕೆ ದೀಪ ತೂಗುಹಾಕುವುದು, ಹತ್ತಕ್ಕೆ ಸೆಟ್ಟು, ಹನ್ನೆರಡಕ್ಕೆ ದೀಪದ ಕೋನ ಸರಿಪಡಿಸುವುದು. ಸೆಟ್ಟು ಮೊದಲು ನಿಂತರೆ ಏಣಿ ಇಡಲು ಜಾಗವಿರುವುದಿಲ್ಲ. ಎರಡರಿಂದ ನಾಲ್ಕೂವರೆವರೆಗೆ ಕ್ಯೂನಿಂದ ಕ್ಯೂಗೆ ನಡೆಯಿರಿ: ಬೆಳಕು ಬದಲಾಗುವ ಮಾತಿಗೆ ನಾಲ್ಕು ಸಾಲು ಮುಂಚೆ ಶುರು, ಬದಲಾದ ಮೇಲೆ ಎರಡು ಸಾಲು, ನಿಲ್ಲಿಸಿ, ಮುಂದಿನದಕ್ಕೆ ಹಾರಿ. ಪೂರ್ತಿ ನಾಟಕ ಅಂದು ಆಡಿಸಬೇಡಿ, ಸಂಜೆಗೆ ಗಂಟಲು ಉಳಿಯುವುದಿಲ್ಲ. ನಟರು ಆ ಹೊತ್ತಿನಲ್ಲಿ ತಮ್ಮ ಬೆಳಕನ್ನು ಹುಡುಕಿಕೊಳ್ಳಲಿ. ಮುಖಕ್ಕೆ ಬಿಸಿ ತಾಗುವ ಜಾಗವೇ ಸರಿಯಾದ ಜಾಗ. ಐದಕ್ಕೆ ಪ್ರಸಾಧನ, ಆರಕ್ಕೆ ಎಲ್ಲರೂ ಒಳಗೆ, ಮೊಬೈಲು ಮ್ಯಾನೇಜರ ಚೀಲಕ್ಕೆ.

ರಂಗಪರಿಕರಗಳಿಗೆ ವಿಂಗಿನಲ್ಲಿ ಒಂದು ಮೇಜು. ಮೇಲೆ ಬಿಳಿ ಕಾಗದ ಹಾಸಿ, ಒಂದೊಂದು ವಸ್ತುವಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಹೆಸರು ಬರೆಯಿರಿ: ಕಾಗದ, ಕನ್ನಡಕ, ಲೋಟ. ನಾಟಕ ಶುರುವಾಗುವ ಮೂರನೇ ಬೆಲ್ಲಿಗೆ ಮುಂಚೆ ಮೇಜಿನ ಮೇಲೆ ಖಾಲಿ ಗೆರೆ ಕಂಡರೆ ಏನು ಇಲ್ಲ ಎಂದು ತಕ್ಷಣ ತಿಳಿಯುತ್ತದೆ. ಬಳಸಿದ ವಸ್ತು ಮರಳಿ ಅಲ್ಲಿಗೇ. ಎರಡನೇ ಬೆಲ್ ಆದ ಮೇಲೆ ನಿರ್ದೇಶಕರಿಗೆ ನೇಪಥ್ಯದಲ್ಲಿ ಕೆಲಸವಿಲ್ಲ. ಕೊನೆಯ ಸಾಲಿನಲ್ಲಿ ಕೂತು, ತುಟಿ ಅಲ್ಲಾಡಿಸದೆ, ಪ್ರೇಕ್ಷಕರು ಎಲ್ಲಿ ಕೆಮ್ಮಿದರು, ಎಲ್ಲಿ ಮೊಬೈಲು ತೆಗೆದರು ಎಂದು ಹಾಳೆಯ ಮೇಲೆ ಬರೆದುಕೊಳ್ಳಲಿ. ಕೆಮ್ಮು ಬಂದ ತುಣುಕುಗಳು ಉದ್ದವಾಗಿವೆ ಅಥವಾ ಕೇಳಿಸುತ್ತಿಲ್ಲ.

ಮುಗಿದ ರಾತ್ರಿ ನಟರಿಗೆ ತಪ್ಪು ಹೇಳಬೇಡಿ, ಕಿವಿಗೆ ಹೋಗುವುದಿಲ್ಲ. ದೀಪಗಳು ತಣ್ಣಗಾಗಲು ಇಪ್ಪತ್ತು ನಿಮಿಷ ಬಿಟ್ಟು ಇಳಿಸಿ, ಬಾಡಿಗೆ ಸಾಮಾನನ್ನು ಪಟ್ಟಿ ನೋಡಿ ಎಣಿಸಿ. ಎರಡು ದಿನ ಕಳೆದು ಆ ಹಾಳೆ ಹಿಡಿದು ಕೂರಿ. ಎರಡನೇ ಪ್ರದರ್ಶನಕ್ಕೆ ಹತ್ತು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ನಡುವೆ ಎರಡು ಸಲ, ಕೂತಲ್ಲೇ, ಅಭಿನಯವಿಲ್ಲದೆ, ಇಮ್ಮಡಿ ವೇಗದಲ್ಲಿ ಮಾತುಗಳನ್ನಷ್ಟೇ ಓಡಿಸಿ. ನಲವತ್ತೈದು ನಿಮಿಷದಲ್ಲಿ ಮುಗಿಯುತ್ತದೆ, ಎಲ್ಲಿ ಸಡಿಲವಾಗಿದೆ ಎಂದೂ ಗೊತ್ತಾಗುತ್ತದೆ.